ಯುನೂಸನ ಎಂಟನೆಯ ಡಬ್ಬಿ

ನಮ್ಮ ಓಣಿಗೆ ಹೊಸ ಸೊಸೆ ಬಂದರೆ ಅವಳಿಗೆ ಹೇಳುವ ಮೊದಲ ಬುದ್ಧಿಮಾತು, "ಗ್ವಾಡಿಗೆ ಮೊಳಿ ಹೊಡೀಬ್ಯಾಡವಾ, ಹೆಂಗಿದ್ರೂ ಬಿಟ್ಟ ಹೋಗೂದೈತಿ." ಇದು ಹಳೆ ಬಾಗಲಕೋಟೆ. ಆಲಮಟ್ಟಿಯ ಹಿನ್ನೀರಿಗೆ ಕೆಳಗಿನ ಓಣಿಗಳು ಹೋಗಿ ಇಪ್ಪತ್ತು ವರ್ಷದ ಮೇಲಾಯಿತು. ನಮ್ಮದು ಮೇಲಿನ ಓಣಿ. ಇವತ್ತು ಎಬ್ಬಿಸುತ್ತಾರೆ, ನಾಳೆ ಎಬ್ಬಿಸುತ್ತಾರೆ ಎನ್ನುತ್ತಲೇ ನನ್ನ ಸಾಲಿ ನೌಕರಿ ಮುಗಿದು ಪಿಂಚಣಿಯೂ ಶುರುವಾಯಿತು. ಗೋಡೆಗೆ ಸುಣ್ಣ ಬಳಿಯಬೇಕೆಂದರೆ ಯಾಕೆ ಅನಿಸುತ್ತದೆ, ಬಳಿಯದಿದ್ದರೆ ಜೀವ ತಡೆಯುವುದಿಲ್ಲ. ಇಡೀ ಓಣಿಯ ಈ ಚಡಪಡಿಕೆಯನ್ನು ಒಬ್ಬನೇ ಗುತ್ತಿಗೆ ಹಿಡಿದವನೆಂದರೆ ನನ್ನ ಪಕ್ಕದ ಮನೆಯ ಯುನೂಸ.

ಯುನೂಸನದು ತಗಡಿನ ಕೆಲಸ. ಟ್ರಂಕು, ಹಿಟ್ಟಿನ ಡಬ್ಬಿ, ಲಾಳಿಕೆ, ಏನು ಕೇಳಿದರೂ ಮಾಡಿಕೊಡುತ್ತಾನೆ. ಪ್ಲಾಸ್ಟಿಕ್ ಬಂದ ಮೇಲೆ ಗಿರಾಕಿ ಕಡಿಮೆಯಾದರೂ ಸುತ್ತಿಗೆ ಸದ್ದು ಕಡಿಮೆಯಾಗಿಲ್ಲ. ಅವನಿಗೆ ಕೂತು ಗೊತ್ತಿಲ್ಲ. ಚಹಾ ಕುಡಿಯುವುದೂ ನಿಂತುಕೊಂಡೇ, ಮಾತಾಡುವಾಗಲೂ ಬೆರಳು ಯಾವುದೋ ತಗಡಿನ ಮೇಲೆ ಟಕಟಕ ಬಡಿಯುತ್ತಿರುತ್ತವೆ. ನನ್ನಂಥ ಸಿಟ್ಟಿನವಳಿಗೆ ಪಕ್ಕದಲ್ಲಿ ಇಂಥವನನ್ನು ದೇವರು ಯಾಕೆ ಇಟ್ಟನೋ ಗೊತ್ತಿಲ್ಲ.

ಅವನು ಹೀಗಾದದ್ದಕ್ಕೆ ಕಾರಣ ಉಂಟು. ಮೊದಲು ಅವರ ಮನೆ ಕೆಳಗಿನ ಓಣಿಯಲ್ಲಿತ್ತು. ಅಂಗಳದಲ್ಲಿ ಅವನ ತಾಯಿ ಜೈನಬಿ ಮದುವೆಯಾಗಿ ಬಂದ ವರ್ಷ ನೆಟ್ಟ ಮಲ್ಲಿಗೆ ಬಳ್ಳಿ. ಮನೆ ಬಿಡುವಾಗ ಬಾಗಿಲ ಚೌಕಟ್ಟು, ತೊಲೆ, ಬೀಸುವ ಕಲ್ಲು ಎಲ್ಲವೂ ಟ್ರ್ಯಾಕ್ಟರ್ ಏರಿದವು. ಮಲ್ಲಿಗೆ ಏರಲಿಲ್ಲ. ಅಗೆದರು, ತಾಯಿಬೇರು ಒಳಗೇ ಉಳಿಯುತ್ತದೆಂದು ತಿಳಿದು ಮತ್ತೆ ಮಣ್ಣು ಮುಚ್ಚಿದರು. ಮಳೆಗಾಲದಲ್ಲಿ ನೀರು ಬಂತು. ಹೊಳೆಯ ಹಾಗೆ ನುಗ್ಗಿ ಬರಲಿಲ್ಲ, ದಿನಕ್ಕೊಂದು ಗೇಣು ಏರಿತು. ಯುನೂಸ ದಿನಾ ಹೋಗಿ ನೋಡಿ ಬರುತ್ತಿದ್ದ. ಜೈನಬಿ ದಿನಾ ಸಂಜೆ ಕೇಳುತ್ತಿದ್ದಳು, "ಎಲ್ಲೀಮಟಾ ಬಂತೋ?" ಕೊನೆಯ ನಾಲ್ಕು ದಿನ ಅವನು ಸುಳ್ಳು ಹೇಳಿದ.

ಮೂರು ವರ್ಷದ ಮೇಲೆ ಜೈನಬಿ ಬಾದಾಮಿ ಕಡೆಯ ನೆಂಟರಲ್ಲಿಗೆ ಹೋದವಳು ಶಿವಯೋಗ ಮಂದಿರದ ಹತ್ತಿರ ಬೇಲಿಯಿಂದ ಒಂದು ಸಸಿ ಕಿತ್ತು, ಒದ್ದೆ ಅರಿವೆಯಲ್ಲಿ ಸುತ್ತಿ ತಂದಳು. ಬೆಳ್ಳಗಿನ ಸಣ್ಣ ಹೂವಿನ ಕಾಡುಬಳ್ಳಿ. ಹೂ ಉದುರಿದ ಮೇಲೆ ಬೀಜಕ್ಕೆ ಮುದುಕರ ಗಡ್ಡದಂಥ ಬಿಳಿ ಎಳೆ ಬರುತ್ತವೆ. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನನ್ನ ಹಳೆ ವಿದ್ಯಾರ್ಥಿ ಆನಂದ ನೋಡಿ, ಇದು ಕ್ಲೆಮ್ಯಾಟಿಸ್ ಜಾತಿಯದು ಎಂದ. ನಮ್ಮ ನಾಲಿಗೆಗೆ ಅದು ಒಗ್ಗಲಿಲ್ಲ, ಜೈನಬಿ ಬಳ್ಳಿ ಎಂದೇ ಕರೆದೆವು. ಅವಳು ಹಿತ್ತಲಲ್ಲಿ ಕುಣಿ ತೋಡಲು ಕೂತಾಗ ಯುನೂಸ ಅವಳ ಕೈಯ ಕುರುಪಿ ಕಸಿದುಕೊಂಡ. "ಇನ್ನ ನೆಲದಾಗ ಏನೂ ಹಚ್ಚೂದು ಬ್ಯಾಡಮ್ಮಾ." ಅವತ್ತೇ ಎರಡು ಹಿಡಿಕೆಯ ಒಂದು ಡಬ್ಬಿ ಮಾಡಿ ಅದರಲ್ಲಿ ನೆಟ್ಟ. ಎಬ್ಬಿಸಿದ ದಿನ ಎತ್ತಿಕೊಂಡು ನಡೆದರಾಯಿತು, ಅಷ್ಟೇ ಅವನ ಲೆಕ್ಕ. ಎರಡು ವರ್ಷಕ್ಕೆ ಜೈನಬಿ ತೀರಿಕೊಂಡಳು. ಬಳ್ಳಿ ಇವನ ಕೊರಳಿಗೆ ಬಿತ್ತು.

ಸಾಕಿದ್ದು ಮಾತ್ರ ಚೆನ್ನಾಗಿಯೇ ಸಾಕಿದ, ಹೊಟ್ಟೆಕಿಚ್ಚಿಲ್ಲದೆ ಹೇಳುತ್ತೇನೆ. ಈ ಬಳ್ಳಿಗೆ ಬುಡ ತಂಪಿರಬೇಕು, ತುದಿ ಬಿಸಿಲಲ್ಲಿರಬೇಕು. ನಮ್ಮ ಬೇಸಿಗೆಯಲ್ಲಿ ತಗಡಿನ ಡಬ್ಬಿ ಕಾದರೆ ಬೇರು ಬೆಂದೇ ಹೋಗುತ್ತವೆ. ಅದಕ್ಕೆ ಅವನು ಡಬ್ಬಿಗೆ ಒದ್ದೆ ಗೋಣಿಚೀಲ ಸುತ್ತಿ, ಮಣ್ಣಿನ ಮೇಲೆ ಚಪ್ಪಟೆ ಕಲ್ಲು ಹೊದಿಸುತ್ತಿದ್ದ. ಎಲೆಯ ತೊಟ್ಟಿನಿಂದಲೇ ಸುತ್ತಿ ಹತ್ತುವ ಬಳ್ಳಿ, ದಪ್ಪ ಕೋಲನ್ನು ಹಿಡಿಯುವುದಿಲ್ಲ ಎಂದು ತೆಳು ತಂತಿ ಕಟ್ಟಿಕೊಟ್ಟ. ಬೀಜ ಹಾರಿಹೋದ ಮೇಲೆ ಬುಡದಲ್ಲಿ ಗೆಣ್ಣು ಎಣಿಸಿ ಕತ್ತರಿಸುತ್ತಿದ್ದ. ಮೊದಲ ಸಲ ಬರಿಗೈಯಲ್ಲಿ ಕತ್ತರಿಸಿ, ರಸ ತಾಗಿ ಅಂಗೈ ತುಂಬ ಗುಳ್ಳೆ ಎದ್ದಿದ್ದವು. ಎರಡು ಮೂರು ವರ್ಷಕ್ಕೊಮ್ಮೆ ಡಬ್ಬಿಯ ತಳ ತುಕ್ಕು ತಿನ್ನುತ್ತಿತ್ತು, ಅವನು ಅದಕ್ಕಿಂತ ದೊಡ್ಡದೊಂದು ಮಾಡುತ್ತಿದ್ದ. ಹೀಗೆ ಏಳು ಡಬ್ಬಿಗಳಾದವು.

ಅವನ ಹೆಂಡತಿ ಮಾಸುಮಬಿಗೆ ಈ ಡಬ್ಬಿ ಕಂಡರೆ ಆಗದು. ಮನೆಯೊಳಗೆ ಅವರ ಮಾತು ಉರ್ದು; ಜಗಳ ಮಾತ್ರ ನನಗೂ ಕೇಳಲಿ ಎಂದು ಕನ್ನಡದಲ್ಲಿ.

"ಅದಕ್ಕ ನೆಲಾ ಬೇಕ್ರಿ. ಎಷ್ಟ ವರ್ಷ ಡಬ್ಬ್ಯಾಗ ಇಡ್ತೀರಿ?"

"ನಾಳೆ ನೋಟೀಸ ಬಂದ್ರ?"

"ಹದಿನೆಂಟ ವರ್ಷಾತು, ನಿಮ್ಮ ನಾಳೆ ಬರವಲ್ದು."

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಸಂಸಾರ. ನಾನು ಒಳಗೊಳಗೇ ಮಾಸುಮಬಿಯ ಪಕ್ಷ.

ಈ ಸಲದ ಬೇಸಿಗೆಯಲ್ಲಿ ಬಳ್ಳಿ ಹಳದಿಗೆ ತಿರುಗಿತು. ಎಲೆಯ ಅಂಚು ಸುಟ್ಟವು, ಕುಡಿ ಒಣಗಿದವು. ಯುನೂಸ ಗಂಟೆಗೊಮ್ಮೆ ಹೋಗಿ ಮುಟ್ಟಿ ನೋಡುವುದು, ನೀರು ಹಾಕುವುದು, ಹಾಕಿದ್ದು ಹೆಚ್ಚಾಯಿತೇನೋ ಎಂದು ಡಬ್ಬಿ ಬಗ್ಗಿಸುವುದು. ಅಂಗಡಿ ಬಾಗಿಲು ತೆರೆಯುವುದನ್ನೇ ಮರೆತ. ನಾನು ಆನಂದನನ್ನು ಕರೆಸಿದೆ. ಅವನು ಡಬ್ಬಿಯ ಪಕ್ಕ ಕೆರೆದು ನೋಡಿ ಎದ್ದ.

"ಬೇರು ಸುತ್ತಿ ಸುತ್ತಿ ಹಗ್ಗ ಆಗ್ಯಾವ್ರಿ ಯುನೂಸಣ್ಣ. ಮಳಿಗಾಲಕ್ಕ ಮೊದ್ಲ ಜಾಗಾ ಕೊಡ್ರಿ. ಇಲ್ಲಾಂದ್ರ ಇದು ಉಳಿಯಂಗಿಲ್ಲ."

"ಎಷ್ಟ ಜಾಗಾ ಬೇಕು?"

"ಅಡ್ಡ ಮೂರ ಫೂಟರ ಬೇಕ್ರಿ. ನೆಲಕ್ಕ ಹಚ್ಚಿದ್ರ ಭಾಳ ಚಲೋ."

ಕೊನೆಯ ಮಾತು ಯುನೂಸನ ಕಿವಿಗೆ ಬೀಳಲೇ ಇಲ್ಲ. ಮೂರು ದಿನ ಹಿತ್ತಲಿನಿಂದ ಸುತ್ತಿಗೆ ಸದ್ದು ಬಂತು. ದಪ್ಪ ತಗಡು, ಮಡಿಸಿದ ಅಂಚು, ನಾಲ್ಕು ಜನ ಹಿಡಿಯಲು ನಾಲ್ಕು ಹಿಡಿಕೆ. ನಾಲ್ಕನೆಯ ದಿನ ನಮ್ಮನ್ನು ಕರೆದು ತೋರಿಸಿದ. ಡಬ್ಬಿಯಲ್ಲ ಅದು, ನೀರಿನ ತೊಟ್ಟಿ. ಮಗುವನ್ನು ಮುಳುಗಿಸಿ ಸ್ನಾನ ಮಾಡಿಸಬಹುದಿತ್ತು.

ಮಾಸುಮಬಿ ಡಬ್ಬಿಯನ್ನೊಮ್ಮೆ ನೋಡಿದಳು, ಹಿತ್ತಲ ಬಾಗಿಲನ್ನೊಮ್ಮೆ ನೋಡಿದಳು. ಅವಳು ಜಂಪರ್ ಹೊಲಿಯುವವಳು. ಒಳಗೆ ಹೋಗಿ ಟೇಪು ತಂದು ಬಾಗಿಲಿಗೆ ಹಿಡಿದಳು.

"ಬಾಗಲಾ ಎರಡೂವರಿ ಫೂಟ ಐತಿ," ಎಂದಳು. "ನಾಲ್ಕ ಮಂದಿ ಇದನ್ನ ಎತ್ಕೊಂಡ ಎಲ್ಲಿಂದ ಹೋಗ್ತೀರಿ?"

ನಮ್ಮ ಹಿತ್ತಲುಗಳಿಗೆ ಬೇರೆ ದಾರಿಯಿಲ್ಲ, ಮೂರು ಕಡೆಯೂ ಮಂದಿಯ ಮನೆಗಳು. ನನಗೆ ನಗು ಬಂತು, ನಕ್ಕುಬಿಟ್ಟೆ. ಕಣ್ಣಳತೆಯಲ್ಲೇ ಟ್ರಂಕು ಕತ್ತರಿಸುವವನು ಬಾಗಿಲನ್ನೇ ಮರೆತನಲ್ಲ ಎಂದು. ಆಮೇಲೆ ಅವನ ಮುಖ ನೋಡಿ, ಯಾಕಾದರೂ ನಕ್ಕೆನೋ ಅನಿಸಿತು. ಬಾಗಿಲು ದಾಟುವ ಡಬ್ಬಿಯಲ್ಲಿ ಬಳ್ಳಿ ಬದುಕುವುದಿಲ್ಲ, ಬಳ್ಳಿ ಬದುಕುವ ಡಬ್ಬಿ ಬಾಗಿಲು ದಾಟುವುದಿಲ್ಲ. ಅದು ಅವನಿಗೂ ಅರ್ಥವಾಗಿತ್ತು.

ಅವನು ಕೂತ. ಒಗೆಯುವ ಕಲ್ಲಿನ ಮೇಲೆ, ಕೈ ಎರಡೂ ತೊಡೆಯ ಮೇಲಿಟ್ಟು, ಒಂದು ತಾಸು. ಯುನೂಸ ಹಾಗೆ ಸುಮ್ಮನೆ ಕೂತದ್ದನ್ನು ಕಂಡು ನನಗೆ ಹೆದರಿಕೆಯಾಯಿತು. ಆಮೇಲೆ ಎದ್ದು, ತಗಡು ಕತ್ತರಿ ತಂದು, ಹೊಸ ಡಬ್ಬಿಯನ್ನು ಬೋರಲು ಹಾಕಿದ. ಸುತ್ತಲೂ ಕತ್ತರಿಸಿ ತಳವನ್ನು ತೆಗೆದೇಬಿಟ್ಟ. ಮೊಣಕಾಲುದ್ದ ಕುಣಿ ತೋಡಿ, ಮೇಲೆ ಆ ತಳವಿಲ್ಲದ ಡಬ್ಬಿ ಕೂಡಿಸಿ, ಬಳ್ಳಿ ಇಳಿಸಿ, ಮಣ್ಣು ತುಂಬಿದ. ಹೊರಗಿನಿಂದ ನೋಡಿದರೆ ನಾಲ್ಕು ಹಿಡಿಕೆಯ ಡಬ್ಬಿಯೇ.

"ಅಕ್ಕಾರ, ಓಣ್ಯಾಗ ಯಾರಿಗೂ ಹೇಳಬ್ಯಾಡ್ರಿ," ಎಂದ. ನೆಲದಲ್ಲಿ ಗಿಡ ನೆಟ್ಟವರಿಗೆಲ್ಲ ಹದಿನೆಂಟು ವರ್ಷ ಬುದ್ಧಿ ಹೇಳಿದವನಲ್ಲವೇ. ನಾನು ಹೇಳಲಿಲ್ಲ. ನನ್ನ ಬಾಯಿಗೆ ಅದು ದೊಡ್ಡ ಶಿಕ್ಷೆ.

ಮಳೆ ಬಿದ್ದ ಮೇಲೆ ಬುಡದಿಂದ ಹೊಸ ಕುಡಿಗಳೆದ್ದವು. ದಸರೆಯ ಹೊತ್ತಿಗೆ ತಂತಿ ಮುಗಿದು ಮಾಳಿಗೆ ಏರಿದವು. ದೀಪಾವಳಿಗೆ ಗೋಡೆಯೇ ಕಾಣದಷ್ಟು ಹೂ. ಜೇನುಹುಳಗಳ ಸದ್ದು ನನ್ನ ಅಡಿಗೆಮನೆಗೆ ಕೇಳುತ್ತಿತ್ತು. ಇಷ್ಟಾದರೂ ಯುನೂಸನಿಗೆ ನೆಮ್ಮದಿಯಿಲ್ಲ. ಓಣಿಯ ತುದಿಯಲ್ಲಿ ಜೀಪು ನಿಂತರೆ ಸುತ್ತಿಗೆ ಕೆಳಗಿಟ್ಟು ಹೊರಗೆ ಬರುತ್ತಿದ್ದ.

ಒಂದು ಮುಂಜಾನೆ ಬಂದೇಬಂದರು. ಇಬ್ಬರು ಸರ್ವೇದವರು, ಕೈಯಲ್ಲಿ ಟೇಪು, ಫೈಲು. ಕೋಣೆ ಅಳೆದರು, ಹಿತ್ತಲಿಗೆ ಬಂದರು. ಬಿಟ್ಟುಹೋಗಬೇಕಾದ ಗಿಡಮರಗಳ ಪಟ್ಟಿಯನ್ನೂ ಮಾಡುತ್ತಿದ್ದರು. ನಾನು ನಮ್ಮ ಗೋಡೆಯ ಮೇಲಿಂದ ನೋಡುತ್ತ ನಿಂತಿದ್ದೆ, ಅತ್ತ ಗೋಡೆಯ ಮೇಲೆ ಅರ್ಧ ಓಣಿಯ ತಲೆಗಳಿದ್ದವು. ಸರ್ವೇದವನು ಬಳ್ಳಿಯನ್ನು ಮೇಲಿಂದ ಕೆಳಗೆ ನೋಡಿ ಪೆನ್ನು ಮುಚ್ಚಿದ.

"ಇದು ಡಬ್ಬ್ಯಾಗಿಂದು. ಬರಕೊಳ್ಳಂಗಿಲ್ಲ, ನೀವ ಒಯ್ಯಬಹುದು."

ಹೂಂ ಎಂದಿದ್ದರೆ ಮುಗಿದುಹೋಗುತ್ತಿತ್ತು. ಯುನೂಸ ಡಬ್ಬಿಯ ಅಂಚಿನ ಮೇಲೆ ಕೈ ಇಟ್ಟ.

"ಒಯ್ಯಾಕ ಬರಂಗಿಲ್ರಿ. ಡಬ್ಬಿಗೆ ತಳಾ ಇಲ್ಲ. ನೆಲದಾಗ ಐತಿ ಅದು, ಬರಕೊಳ್ರಿ."

"ಹಂಗಾದ್ರ ಇಲ್ಲೇ ಬಿಟ್ಟ ಹೋಗಬೇಕಾಗ್ತೈತಿ."

"ಗೊತ್ತೈತ್ರಿ," ಎಂದ ಯುನೂಸ.

ಅವರು ಬರೆದುಕೊಂಡು ಹೋದರು. ನೆಲಕ್ಕೆ ಹಚ್ಚಿರಿ ಎಂದು ಹದಿನೆಂಟು ವರ್ಷ ಜಗಳಾಡಿದ ಮಾಸುಮಬಿ ಸೆರಗು ಬಾಯಿಗೊತ್ತಿ ಬಳ್ಳಿಯ ಬುಡದಲ್ಲೇ ಕುಕ್ಕರಿಸಿದಳು. ಅಳು ನಿಲ್ಲಲಿಲ್ಲ. ಯುನೂಸ ಅವಳ ಪಕ್ಕ ಹೋಗಿ ಕೂತ.

"ಅಳಬ್ಯಾಡ," ಎಂದ. "ನೀರ ಬರೂ ಮಟಾನರ ಬದಕತೈತಲ್ಲ."