ನಲವತ್ತನೇ ಕುಂಡದ ಪವಾಡ

ಗಿಡಕ್ಕೆ ನೀರೆರೆದು ಬೆಳೆಸಿದವರು ಜಗತ್ತಿನಲ್ಲಿ ಲಕ್ಷಾಂತರ ಮಂದಿ ಇದ್ದಾರೆ. ನೀರೆರೆದು ಸಾಯಿಸುವುದಕ್ಕೆ ಸಂಬಳ ಪಡೆದವನು ನಮ್ಮ ಉಪ್ಪಣ್ಣನೊಬ್ಬನೇ ಇರಬೇಕು.

ಉಪ್ಪಣ್ಣ ಅವನ ಹುಟ್ಟುಹೆಸರಲ್ಲ. ಹಣ್ಣಿನ ಗಿಡಗಳ ಸಂಶೋಧನಾ ಕೇಂದ್ರದಲ್ಲಿ ಇಪ್ಪತ್ತಾರು ವರ್ಷ ನೀರು ಹಾಕಿ, ಸಾವಿರಾರು ಸಸಿಗಳನ್ನು ಸಾಕಿ ಸಲಹಿದರೂ ಅವನಿಗೆ ಒಂದು ಬಿರುದೂ ಸಿಕ್ಕಿರಲಿಲ್ಲ. ಉಪ್ಪುನೀರಿನ ಡ್ರಮ್ಮಿನ ಪಕ್ಕ ನಿಂತ ಮೊದಲ ವಾರದಲ್ಲೇ ಇದು ಸಿಕ್ಕಿತು. ಕೊಟ್ಟವನು ಗೇಟಿನ ವಾಚ್‌ಮನ್.

ವಿಷಯ ಇಷ್ಟೆ. ಸಮುದ್ರದ ದಂಡೆಯ ಕಿತ್ತಳೆ ತೋಟಗಳಲ್ಲಿ ಬಾವಿನೀರು ಉಪ್ಪಾಗತೊಡಗಿತ್ತು. ಕಿತ್ತಳೆ ಮರವೆಂಬುದು ನೋಡಲು ಒಂದೇ ಆದರೂ ಅಸಲಿಗೆ ಎರಡು. ಮೇಲಿನದು ಸಿಹಿಹಣ್ಣಿನ ಗಿಡ. ಕೆಳಗೆ ಮಣ್ಣಿನಲ್ಲಿ ದುಡಿಯುವುದು ಬೇರೆಯೇ ತಳಿಯ ಬೇರು. ಎರಡನ್ನೂ ಕಸಿ ಕಟ್ಟಿ ಒಂದು ಮಾಡಿರುತ್ತಾರೆ. ಅನೇಕ ಸಂಸಾರಗಳ ಹಾಗೆ, ಹೆಸರು ಮೇಲಿನವರದು, ಪಾಡು ಕೆಳಗಿನವರದು. ಆ ಬೇರು ಉಪ್ಪನ್ನು ತಡೆದು ನಿಲ್ಲಿಸಿದರೆ ಮರ ಉಳಿಯುತ್ತದೆ. ಒಳಗೆ ಬಿಟ್ಟುಕೊಂಡರೆ ಎಲೆಗಳು ತುದಿಯಿಂದ ಸುಟ್ಟುಕೊಂಡು ಉದುರುತ್ತವೆ. ಉಪ್ಪು ತಡೆಯುವ ಬೇರು ಯಾವುದೆಂದು ಕಂಡುಹಿಡಿಯಲು ಕೇಂದ್ರದ ವಿಜ್ಞಾನಿ, ಎಲ್ಲರೂ ಮೇಡಂ ಎನ್ನುವ ಹೆಂಗಸು, ಆರು ತಳಿಗಳ ಸಸಿಗಳನ್ನು ತಳಿಗೆ ಹತ್ತರಂತೆ ಅರವತ್ತು ಕುಂಡಗಳಲ್ಲಿ, ಗಾಜಿನ ಮನೆಯ ಈಚೆ ಬದಿಯಲ್ಲಿ ಆರು ಸಾಲಾಗಿ ಇಡಿಸಿದರು. ಹೋಲಿಸಿ ನೋಡಲೆಂದು ಆಚೆ ಬದಿಯಲ್ಲಿ ಅಷ್ಟೇ ಸಸಿಗಳು ಸಿಹಿನೀರು ಕುಡಿದುಕೊಂಡು ಹಾಯಾಗಿದ್ದವು. ಈಚೆಯ ಅರವತ್ತಕ್ಕೆ ಮಾತ್ರ ದಿನ ಬಿಟ್ಟು ದಿನ ಅರ್ಧ ಲೀಟರ್ ಉಪ್ಪುನೀರು. ತೊಂಬತ್ತು ದಿನ.

ಉಪ್ಪಣ್ಣ ಮಗ್ಗನ್ನು ತುಂಬಿಸಿ, ಗೆರೆಗೆ ಕಣ್ಣು ಸರಿಯಾಗುವಂತೆ ಕುಕ್ಕರುಗಾಲಲ್ಲಿ ಕೂತು, ಒಂದು ಹನಿ ಹೆಚ್ಚಾದರೂ ವಾಪಸ್ಸು ಚೆಲ್ಲಿ, ಅಳೆದು ಹಾಕುತ್ತಿದ್ದ. ಔಷಧಿ ಅಂಗಡಿಯವನಿಗೂ ಅಷ್ಟು ನಿಯತ್ತು ಇರಲಿಕ್ಕಿಲ್ಲ.

"ಏನಪ್ಪಾ ಉಪ್ಪಣ್ಣ, ಇವತ್ತು ಎಷ್ಟು ಜನಾನ ಮುಗಿಸಿದೆ?" ಎಂದು ಸಂಜೆ ಗೇಟಿನಲ್ಲಿ ವಾಚ್‌ಮನ್ ಕೇಳುತ್ತಿದ್ದ.

"ಸುಮ್ನಿರಯ್ಯ, ಇನ್ನೂ ಯಾರೂ ಸತ್ತಿಲ್ಲ."

ಮೂರನೇ ವಾರದ ಹೊತ್ತಿಗೆ ಸಾಯುವ ಲಕ್ಷಣ ಕಂಡಿತು. ನಾಲ್ಕನೇ ಸಾಲಿನ ತಳಿ ಎಲ್ಲಕ್ಕಿಂತ ಮೆತ್ತಗಿನದು. ಅದರ ಎಲೆಗಳ ಅಂಚು ಯಾರೋ ಬೀಡಿಯಿಂದ ಸುಟ್ಟಂತೆ ಕಂದಾಯಿತು. ಆ ಸಾಲಿನ ಕೊನೆಯ ಕುಂಡ, ನಲವತ್ತನೆಯದು, ಉಪ್ಪಣ್ಣ ಊಟಕ್ಕೆ ಕೂರುವ ಸ್ಟೂಲಿನ ಪಕ್ಕದಲ್ಲೇ ಇತ್ತು. ಎದುರಿಗೆ ಒಬ್ಬರು ಬಾಯಾರಿ ನಿಂತಿರುವಾಗ ತಾನೊಬ್ಬನೇ ಗಟಗಟ ನೀರು ಕುಡಿಯುವ ವಿದ್ಯೆ ಅವನಿಗೆ ಗೊತ್ತಿರಲಿಲ್ಲ. ಒಂದು ದಿನ ಬಾಟಲಿಯಲ್ಲಿ ಮಿಕ್ಕ ನೀರನ್ನು ಅದಕ್ಕೆ ಸುರಿದ. ಮಿಕ್ಕಿದ್ದು ತಾನೆ, ಹೇಗೂ ಚೆಲ್ಲಬೇಕಿತ್ತು ಎಂದು ತನಗೇ ವಕಾಲತ್ತು ಮಾಡಿಕೊಂಡ. ಮಾರನೇ ವಾರದಿಂದ ನೀರು ಮಿಗಲೇಬೇಕೆಂದು ಕಡಿಮೆ ಕುಡಿಯತೊಡಗಿದ. ಅದರ ಮುಂದಿನ ವಾರ ಉಪ್ಪುನೀರಿನ ಮಗ್ಗು ನಲವತ್ತನೇ ಕುಂಡದ ಬಾಯಿಯವರೆಗೆ ಹೋಗಿ, ಏನೋ ಮರೆತವರಂತೆ ಹಿಂದಿರುಗಿತು. ಮಹಾಪರಾಧಗಳೆಲ್ಲ ಹೀಗೆ ಒಂದು ಲೋಟದಿಂದಲೇ ಶುರುವಾಗುವುದು.

ತೊಂಬತ್ತನೇ ದಿನ ನಾಲ್ಕನೇ ಸಾಲಿನಲ್ಲಿ ಒಂಬತ್ತು ಕಡ್ಡಿಗಳೂ ಒಂದು ಗಿಡವೂ ಇದ್ದವು.

ಮೇಡಂ ಅದನ್ನು ನೋಡಿ ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ನೋಡಿದರು. "ಉಪ್ಪಣ್ಣ! ಇಲ್ಲಿ ನೋಡಿ! ಒಂದೇ ತಳಿ, ಒಂದೇ ನೀರು, ಇದೊಂದು ಮಾತ್ರ ಬದುಕಿದೆ. ಇಂಥದ್ದು ಲಕ್ಷಕ್ಕೊಂದು ಸಿಗೋದು. ಸೋಮವಾರದಿಂದ ಇದರ ಕಡ್ಡಿ ತೆಗೆದು ಸಸಿ ಮಾಡೋಣ. ಹೊಸ ತಳಿ ಆದ್ರೆ ನಿಮ್ಮ ಹೆಸರೇ ಇಡ್ತೀನಿ. ಅಷ್ಟು ಶ್ರದ್ಧೆಯಿಂದ ನೋಡ್ಕೊಂಡಿದ್ದೀರಿ."

ಉಪ್ಪಣ್ಣ ತನ್ನ ಖಾಲಿ ಬಾಟಲಿಯನ್ನು ಚೀಲದೊಳಗೆ ತಳ್ಳಿದ.

ಮನೆಯಲ್ಲಿ ಹೆಂಡತಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವಳಿಗೆ ರಕ್ತದೊತ್ತಡವೆಂದು ಡಾಕ್ಟರು ಉಪ್ಪು ಬಿಡಿಸಿದ್ದರು. ಅವಳೊಬ್ಬಳೇ ಯಾಕೆ ಸಪ್ಪೆ ತಿನ್ನಬೇಕೆಂದು ಉಪ್ಪಣ್ಣನೂ ಎರಡು ವರ್ಷದಿಂದ ಸಪ್ಪೆಯೇ ಉಣ್ಣುತ್ತಿದ್ದ.

"ಗಿಡಕ್ಕೆ ನನ್ನ ಹೆಸರಿಡ್ತಾರಂತೆ ಕಣೇ."

"ನಿಮ್ಮ ಹೆಸರಿಟ್ರೆ ಅದು ಎಂಟು ಗಂಟೆ ತನಕ ಏಳೋದೇ ಇಲ್ಲ ಬಿಡಿ. ಅದಕ್ಯಾಕೆ ಮುಖ ಹೀಗೆ ಮಾಡ್ಕೊಂಡಿದೀರ?"

ಅವನು ಬಾಟಲಿಯಿಂದ ಹಿಡಿದು ಮಗ್ಗಿನವರೆಗೆ ಎಲ್ಲ ಹೇಳಿದ. ಅವಳು ಕೈಯಲ್ಲಿದ್ದ ಎಸಳನ್ನು ಸುಲಿದು ಮುಗಿಸಿದಳು.

"ಅಲ್ರೀ, ನಾನು ಕದ್ದು ಕದ್ದು ಚಿಟಿಕೆ ಉಪ್ಪು ಹಾಕ್ಕೊಂಡು, ಡಾಕ್ಟ್ರಿಗೆ ಮಾತ್ರ ಬಿಟ್ಟಿದೀನಿ ಅಂದ ಹಾಗಾಯ್ತು."

"ಹಾಕ್ಕೊತೀಯಾ?"

"ಈಗ ಮಾತು ನಿಮ್ಮ ಗಿಡದ್ದು." ಅವಳು ಚಾಕು ಕೆಳಗಿಟ್ಟಳು. "ನಾಳೆ ಯಾರೋ ಪಾಪ ಸಮುದ್ರದ ಪಕ್ಕ ಅದನ್ನೇ ನಂಬಿ ನೂರು ಮರ ನೆಡ್ತಾರೆ. ಅಲ್ಲಿಗೂ ದಿನಾ ಬಾಟಲಿ ಹಿಡ್ಕೊಂಡು ಹೋಗ್ತೀರಾ?"

ನೂರು ಮರಗಳು ಎಲೆ ಸುಟ್ಟುಕೊಂಡು ನಿಂತಿರುವುದೂ, ಪ್ರತಿಯೊಂದಕ್ಕೂ ತನ್ನ ಹೆಸರಿರುವುದೂ ಅವನ ಕಣ್ಣಿಗೆ ಕಟ್ಟಿತು. ಕೆಲಸ ಹೋದರೆ? ಹೋಗಬಹುದು. ಇಪ್ಪತ್ತಾರು ವರ್ಷದಲ್ಲಿ ಅವನು ಬೇರೆ ಕೆಲಸ ಕಲಿತಿರಲಿಲ್ಲ.

ಸೋಮವಾರ ಮೇಡಂ ಕತ್ತರಿ ಹಿಡಿದು ಬರುವ ಮೊದಲೇ ಅವನು ನಲವತ್ತನೇ ಕುಂಡದ ಮುಂದೆ, ಗಡಿ ಕಾಯುವ ಸೇನಾನಿಯಂತೆ ನಿಂತಿದ್ದ.

"ಕತ್ತರಿ ಹಾಕ್ಬೇಡಿ ಮೇಡಂ. ಇದಕ್ಕೆ ನಾನು ಸಿಹಿನೀರು ಹಾಕಿದ್ದೆ."

ಮೇಡಂ ಒಮ್ಮೆ ಗಿಡವನ್ನೂ ಒಮ್ಮೆ ಅವನನ್ನೂ ನೋಡಿದರು. "ಯಾವತ್ತಿಂದ?"

"ಮೂರನೇ ವಾರದಿಂದ."

"ಬೇರೆ ಯಾವುದಕ್ಕಾದ್ರೂ ಹಾಕಿದ್ರಾ?"

"ಇಲ್ಲ ಮೇಡಂ, ಆಣೆಗೂ ಇಲ್ಲ. ಇದು ನಾನು ಊಟ ಮಾಡೋದನ್ನೇ ನೋಡ್ತಿತ್ತು."

ಮೇಡಂ ಕತ್ತರಿಯನ್ನು ಮೇಜಿನ ಮೇಲಿಟ್ಟು, ಗಾಜಿನ ಗೋಡೆಯ ಕಡೆ ತಿರುಗಿ ನಿಂತರು. ಬೈಗುಳ ಬರುವ ದಿಕ್ಕಿಗೆ ಉಪ್ಪಣ್ಣ ತಲೆ ತಗ್ಗಿಸಿಕೊಂಡ.

"ಇದು ಬದುಕಿದ್ದು ನೋಡಿ ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ ನಿಮಗೆ?" ಎಂದರು ಕೊನೆಗೆ.

"ನನಗೂ ಮೇಡಂ."

ಅವರು ತಿರುಗಿ ಅವನ ಮುಖ ನೋಡಿದರು. ಸಿಟ್ಟನ್ನು ಎಲ್ಲಿ ಇಟ್ಟಿದ್ದೆನೆಂದು ಹುಡುಕುವವರ ಹಾಗೆ ನೋಡಿ, ಸಿಗದೆ, ಕೂತರು. "ನೀವು ಬಾಯಿ ಬಿಡದಿದ್ರೆ ಐದು ವರ್ಷ ಇದರ ಹಿಂದೆ ಓಡಾಡ್ತಿದ್ದೆ. ಆಯ್ತು. ಉಳಿದ ಐವತ್ತೊಂಬತ್ತು ನಿಜ ಹೇಳ್ತಿವೆಯಲ್ಲ, ಅಷ್ಟು ಸಾಕು. ಮುಂದಿನ ತಿಂಗಳು ಇನ್ನೊಂದು ಸಲ ಮಾಡ್ತೀವಿ. ನೀರು ನೀವೇ ಹಾಕ್ಬೇಕು. ಊಟ ಮಾತ್ರ ಹೊರಗೆ."

ವರದಿ ಅಚ್ಚಾಗಿ ಬಂದಾಗ ಉಪ್ಪಣ್ಣ ಒಂದು ಪ್ರತಿ ಬೇಡಿ ಮನೆಗೆ ತಂದ. ಎರಡನೇ ಮತ್ತು ಐದನೇ ತಳಿಯ ಬೇರುಗಳು ಉಪ್ಪುನೆಲಕ್ಕೆ ಒಗ್ಗುತ್ತವೆ, ನಾಲ್ಕನೆಯದು ಸಲ್ಲದು ಎಂದಿತ್ತು. ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು. ಹೆಂಡತಿ ಹಾಳೆಯನ್ನು ದೀಪದ ಹತ್ತಿರ ಹಿಡಿದು ಓದಿದಳು: "ನೀರುಣಿಸುವಲ್ಲಿ ಆದ ಲೋಪದಿಂದಾಗಿ ನಾಲ್ಕನೇ ತಳಿಯ ಒಂದು ಸಸಿಯನ್ನು ಕೈಬಿಡಲಾಗಿದೆ."

"ಲೋಪ ಅಂದ್ರೆ ನೀವೇನಾ?"

"ನಾನೇ."

"ಅಚ್ಚಿನಲ್ಲಿ ಬಂದ್ರಲ್ಲ, ಬಿಡಿ," ಎಂದು ಅವಳು ಆ ಸಾಲಿನ ಕೆಳಗೆ ಪೆನ್ಸಿಲಿನಿಂದ ಒಂದು ಗೆರೆ ಎಳೆದು, ಹಾಳೆಯನ್ನು ಮಡಿಸದೆ ತನ್ನ ಒಳ್ಳೆಯ ಸೀರೆಗಳ ಮೇಲಿಟ್ಟಳು.