ಹುಡುಗನ ಬಗ್ಗೆ ವಿಚಾರಿಸಲು ಹೋದದ್ದು

ಮೊದಲ ಸಲ ತಪ್ಪು ಮಾಡಿದವರನ್ನು ಜೈಲಿಗೆ ಕಳಿಸುವುದೋ, ನಿಗಾದಲ್ಲಿಟ್ಟು ಬಿಡುವುದೋ ಎಂದು ತೀರ್ಮಾನಿಸುವ ಮೊದಲು ನ್ಯಾಯಾಧೀಶರು ನನ್ನಿಂದ ವರದಿ ಕೇಳುತ್ತಾರೆ. ಪ್ರೊಬೇಷನ್ ಅಧಿಕಾರಿಯಾದ ನನ್ನ ಕೆಲಸವೇ ಅದು. ತಪ್ಪು ಮಾಡಿದವರ ಮಾನ ಹೋಗಬಾರದೆಂದು, ನಾನು ಯಾರೆಂದು ಹೇಳದೆ ಊರಿನಲ್ಲಿ ಗುಟ್ಟಾಗಿ ವಿಚಾರಿಸುತ್ತಿದ್ದೆ. ಅದನ್ನು ನನ್ನ ಜಾಣತನವೆಂದೇ ತಿಳಿದಿದ್ದೆ.

ಕಾಣಿಯೂರಿನ ಕಡೆ ಪಂಪ್ ರಿಪೇರಿ ಮಾಡುವ ಯುವಕನೊಬ್ಬ ನೆರೆಮನೆಯ ವಿಧವೆಯ ಬಾವಿಯ ಪಂಪನ್ನೇ ಬಿಚ್ಚಿ ಮಾರಿದ್ದ. ತಪ್ಪನ್ನು ಒಪ್ಪಿಕೊಂಡಿದ್ದ, ಪಂಪೂ ವಾಪಸ್ ಸಿಕ್ಕಿತ್ತು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋದೆ.

"ಕುಡಿಯುವ ಅಭ್ಯಾಸ ಉಂಟಾ? ಕೆಲಸಕ್ಕೆ ಸರಿಯಾಗಿ ಹೋಗ್ತಾನಾ?"

ಅಂಗಡಿಯವರು ಸೋಡಾ ಕೊಟ್ಟು, "ಚಿನ್ನದಂಥ ಹುಡುಗ" ಎಂದರು. ರಿಕ್ಷಾದವರದೂ ಅದೇ ಮಾತು. ಕೊನೆಗೆ ಪಂಪು ಕಳೆದುಕೊಂಡ ಆ ಅಮ್ಮನೂ "ಭಾರೀ ಪಾಪದವ, ಸಾಧು ಹುಡುಗ" ಎಂದಾಗ ನನಗೆ ತಡೆಯಲಾಗಲಿಲ್ಲ.

"ನಿಮ್ಮ ಪಂಪು ಕದ್ದದ್ದು ಅವನೇ ಅಲ್ವಾ?"

"ಹೌದು ಮಾರಾಯ್ರೆ. ಆದ್ರೆ ಬಂದ ಸಂಬಂಧ ತಪ್ಪಿಸಿದ ಪಾಪ ನಂಗೆ ಬೇಡ. ನೀವು ಹುಡುಗಿಯ ಅಕ್ಕ ಅಲ್ವಾ?"

ನಮ್ಮಲ್ಲಿ ಹೀಗೆ ಅಪರಿಚಿತರು ಬಂದು ಕೇಳುವುದು ಮದುವೆಗೆ ಮಾತ್ರ. ನಾನು ಯಾರೆಂದು ಹೇಳಿದೆ. ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಹಿಂದಿನ ನನ್ನ ವರದಿಗಳಲ್ಲಿ ಇಂಥ ಚಿನ್ನದ ಹುಡುಗರು ಎಷ್ಟು ಮಂದಿಯೋ ಎಂದು ನೆನೆದು ನಾಚಿಕೆಯೂ ಆಯಿತು. ಈಗ ಎಲ್ಲಿಗೆ ಹೋದರೂ ಮೊದಲು ನನ್ನ ಪರಿಚಯ ಹೇಳುತ್ತೇನೆ.

ಅಮ್ಮ ಆಮೇಲೆ ನಿಜ ಹೇಳಿದರು. "ಕೆಲಸ ಇಲ್ಲದಿದ್ರೆ ಕುಡೀತಾನೆ. ಕುಡಿದ್ರೆ ಕೈ ಸುಮ್ಮನಿರುದಿಲ್ಲ. ಜೈಲಿಗೆ ಹಾಕಿ ಎಂತ ಪ್ರಯೋಜನ? ಅಲ್ಲಿ ಇನ್ನಷ್ಟು ಕಲಿತು ಬಂದು ಕದಿಯುದು ನನ್ನ ಪಂಪನ್ನೇ. ದಿನಾ ಬೆಳಿಗ್ಗೆ ಇಲ್ಲಿಗೆ ಬರಲಿ. ಅವ ಪಂಪು ನೋಡಿಕೊಳ್ಳಲಿ, ನಾನು ಅವನನ್ನು ನೋಡಿಕೊಳ್ತೇನೆ."

ಅದನ್ನೇ ಬರೆದೆ, ಜೊತೆಗೆ ಕುಡಿತ ಬಿಡಿಸುವ ಚಿಕಿತ್ಸೆಯನ್ನೂ ಸೇರಿಸಿದೆ. ನ್ಯಾಯಾಧೀಶರು ಒಪ್ಪಿದರು. ಒಪ್ಪದವನು ಅವನೊಬ್ಬನೇ.

"ಜೈಲೇ ಆಗಬಹುದು ಮೇಡಂ. ಅವರ ಮುಖ ನೋಡ್ಲಿಕ್ಕೆ ಆಗುದಿಲ್ಲ."

ಮೊದಲ ದಿನ ನಾನೇ ಕರೆದುಕೊಂಡು ಹೋದೆ. ಗೇಟಿನ ಬಳಿ ಅವನ ಕಾಲು ನಿಂತುಬಿಟ್ಟಿತು. ಇಲ್ಲಿಂದ ಹಿಂದಿರುಗಿದರೆ ಇವನ ದಾರಿ ನೇರ ಜೈಲಿಗೇ ಎಂದು ನನಗೆ ಹೆದರಿಕೆಯಾಯಿತು.

ಅಮ್ಮ ಜಗಲಿಯಿಂದಲೇ ನೋಡಿದರು. "ಅವತ್ತು ಕರೆಯದೆ ಬಂದವ ನೀನು. ಇವತ್ತು ಕರೆದ್ರೆ ಬರುದಿಲ್ವಾ?"

ಅವನು ತೋಳಿನಿಂದ ಮುಖ ಒರೆಸಿಕೊಂಡ. ಆಮೇಲೆ ಗೇಟು ತೆರೆದು, ಸ್ಪ್ಯಾನರಿನ ಚೀಲ ಹಿಡಿದು ಬಾವಿಯ ಕಡೆ ನಡೆದ.