ಗುಮ್ಮನ ಗಿಟಾರಿನ ಸಡಿಲ ಸಾಕೆಟ್ಟು

ನನ್ನ ತಮ್ಮನನ್ನು ಬ್ಯಾಂಡಿನವರೆಲ್ಲ ಗುಮ್ಮ ಎಂದೇ ಕರೆಯುವುದು. ಅವನು ನುಡಿಸುವುದು ಬೇಸ್ ಗಿಟಾರು. ನಾಲ್ಕೇ ನಾಲ್ಕು ದಪ್ಪ ತಂತಿ, ಗುಂ ಗುಂ ಎನ್ನುವ ಸದ್ದು, ಅದಕ್ಕೇ ಆ ಹೆಸರು ಎಂದು ಅವರು ಹೇಳುತ್ತಾರೆ. ನನ್ನನ್ನು ಕೇಳಿದರೆ ಅವನು ಹುಟ್ಟಾ ಗುಮ್ಮನಗುಸಕ. ಹಲ್ಲುನೋವು ಬಂದರೂ ಬಾಯಿಬಿಡುವವನಲ್ಲ, ದವಡೆ ಊದಿದ ಮೇಲೆ ನಾವೇ ನೋಡಿ ತಿಳಿದುಕೊಳ್ಳಬೇಕು. ವಯಸ್ಸು ಐವತ್ತು ದಾಟಿದೆ. ಮದುವೆಯಾಗಲಿಲ್ಲ. ನನ್ನ ಗಂಡ ತೀರಿಕೊಂಡ ಮೇಲೆ ಅಕ್ಕತಮ್ಮ ಇಬ್ಬರೂ ಎರಡು ಕೋಣೆಯ ಒಂದೇ ಮನೆಯಲ್ಲಿದ್ದೇವೆ. ಸೋಫಾದ ಮೇಲೆ ಅವನ ಗಿಟಾರು ಕಾಲು ಚಾಚಿ ಮಲಗಿರುತ್ತದೆ. ಕೆಲಸ ಮುಗಿಸಿ ಬಂದ ನಾನು ಅಡುಗೆಮನೆಯ ಮೊಣಕಾಲೆತ್ತರದ ಸ್ಟೂಲಿನ ಮೇಲೆ ಕೂರುತ್ತೇನೆ.

ನನ್ನ ಕೆಲಸ ಮೋಟಾರು ಸುತ್ತುವುದು. ಸುಟ್ಟುಹೋದ ಫ್ಯಾನು, ಮಿಕ್ಸಿ, ನೀರಿನ ಪಂಪು ಎಲ್ಲ ನಮ್ಮ ಅಂಗಡಿಗೆ ಬರುತ್ತವೆ. ಕರಕಲಾದ ತಂತಿ ಕಿತ್ತು ಹೊಸ ತಾಮ್ರದ ತಂತಿ ಸುತ್ತಿ ಬೆಸುಗೆ ಹಾಕಬೇಕು. ಸಂಜೆಯ ಹೊತ್ತಿಗೆ ಭುಜ ಕಳಚಿ ಕೈಗೆ ಬಂದಂತಿರುತ್ತದೆ. ಆದರೆ ನಾನು ಬೆಸುಗೆ ಹಾಕಿದ್ದು ಮತ್ತೆ ಬಿಟ್ಟುಕೊಂಡು ಬಂದದ್ದಿಲ್ಲ. ಇದು ಜಂಬವೇ, ಇರಲಿ. ಜಂಬಪಡಲು ನನ್ನ ಬಳಿ ಬೇರೆ ಏನೂ ಇಲ್ಲ.

ಇಂಥವಳ ಮನೆಯಲ್ಲೇ ಒಂದು ಸಾಕೆಟ್ಟು ವರ್ಷಗಟ್ಟಲೆ ಸಡಿಲವಾಗಿತ್ತೆಂದರೆ ದೀಪದ ಬುಡದಲ್ಲೇ ಕತ್ತಲೆ ಎಂದ ಹಾಗಾಯಿತು. ಗಿಟಾರಿನ ಅಂಚಿನಲ್ಲಿ ಕೇಬಲ್ಲಿನ ಪಿನ್ನು ಚುಚ್ಚುವ ತೂತಿದೆಯಲ್ಲ, ಅದೇ. ಅದು ಅಲುಗಾಡಿದರೆ ಸ್ಪೀಕರಿನಲ್ಲಿ ಕರಕರ ಎಂದು ಸದ್ದು ಬಂದು ಹಾಡಿನ ನಡುವೆ ಬೇಸ್ ನಿಂತುಬಿಡುತ್ತಿತ್ತು. ಗುಮ್ಮ ಬಗ್ಗಿ ಪಿನ್ನು ತಿರುಚುತ್ತಿದ್ದ, ಸದ್ದು ಮತ್ತೆ ಬರುತ್ತಿತ್ತು. ಕಾರ್ಯಕ್ರಮಕ್ಕೆ ಹೊರಡುವ ಮೊದಲು ಇಕ್ಕಳ ತಂದು ಹೊರಗಿನ ನಟ್ಟನ್ನು ಒಂದು ಸುತ್ತು ಬಿಗಿ ಮಾಡಿಕೊಂಡು ಹೋಗುತ್ತಿದ್ದ. "ನಂಗೆ ಕೊಡೋ, ಮಾಡ್ಕೊಡ್ತೀನಿ" ಎಂದರೆ "ನಿಂಗೆ ಸುಸ್ತಾಗಿರತ್ತೆ ಅಕ್ಕ, ನಾಳೆ ನೋಡೋಣ" ಎನ್ನುತ್ತಿದ್ದ. ನಿಜಕ್ಕೂ ಸುಸ್ತಾಗಿರುತ್ತಿತ್ತು. ಹಾಗಾಗಿ ಆ ನಾಳೆ ಬರಲೇ ಇಲ್ಲ.

ಕೊನೆಗೆ ಬ್ಯಾಂಡಿನ ಮಾಸ್ಟರ್ ಒಂದು ಮಧ್ಯಾಹ್ನ ನಮ್ಮ ಮನೆಗೇ ಬಂದರು. ಕೆಟ್ಟ ಮನುಷ್ಯರಲ್ಲ. ಮೂವತ್ತು ವರ್ಷದಿಂದ ಗುಮ್ಮನ ಜೊತೆ ಒಂದೇ ವ್ಯಾನಿನಲ್ಲಿ ಓಡಾಡಿದವರು. ಚಹಾದ ಲೋಟ ಕೈಯಲ್ಲಿ ಹಿಡಿದು ಕುಡಿಯದೆ ಕೂತಿದ್ದರು.

"ನೋಡಪ್ಪ, ಪ್ರತಿ ಕಾರ್ಯಕ್ರಮದಲ್ಲೂ ಇದೇ ರಗಳೆ ಆಗೋಯ್ತು. ಕೀಬೋರ್ಡ್ ಹುಡುಗಿ ಎಡಗೈಲೇ ಬೇಸ್ ನುಡಿಸ್ತೀನಿ ಅಂತಾಳೆ. ಬರೋ ಕಾರ್ಯಕ್ರಮದಲ್ಲೂ ಸೌಂಡ್ ಹೋದ್ರೆ ನಾನು ಅವಳಿಗೇ ಹೇಳ್ಬೇಕಾಗತ್ತೆ. ಆಮೇಲೆ ನನ್ನ ಬೈಕೋಬೇಡ."

ಗುಮ್ಮ "ಸರಿ ಮಾಸ್ಟರ್" ಎಂದ. ಅಷ್ಟೇ. ಬಾಯಲ್ಲಿ ಕಡುಬು ತುರುಕಿಕೊಂಡವನ ಹಾಗೆ ಕೂತಿದ್ದ. ನನಗೆ ರೇಗಿಹೋಯಿತು. ಈ ಮನುಷ್ಯನಿಗೆ ಆ ಬ್ಯಾಂಡು ಬಿಟ್ಟರೆ ಸ್ನೇಹಿತರಿಲ್ಲ, ಹೋಗಲು ಜಾಗವಿಲ್ಲ, ಮಾತಿಲ್ಲ ಕತೆಯಿಲ್ಲ. ಅದೂ ಹೋದರೆ ಕಿಟಕಿಯ ಪಕ್ಕ ಕೂತು ಎದುರು ಗೋಡೆ ನೋಡುವುದೇ ಗತಿ. ಒಂದು ನಟ್ಟಿಗೋಸ್ಕರ ಬಾಳನ್ನೇ ಕೈಬಿಡುತ್ತಾರೆಯೇ?

ಭಾನುವಾರ ಅವನು ಸ್ನಾನಕ್ಕೆ ಹೋದಾಗ ಗಿಟಾರನ್ನು ಎತ್ತಿ ಊಟದ ಮೇಜಿನ ಮೇಲೆ ಟವೆಲ್ ಹಾಸಿ ಮಲಗಿಸಿದೆ. ಅಂಚಿನ ಲೋಹದ ತಟ್ಟೆಯ ತಿರುಪು ಬಿಚ್ಚಿ ನೋಡಿದರೆ ತಲೆ ಚಚ್ಚಿಕೊಳ್ಳುವಂತಾಯಿತು. ಒಳಗೆ ಸಾಕೆಟ್ಟನ್ನು ಹಿಡಿದುಕೊಳ್ಳದೆ ಹೊರಗಿನ ನಟ್ಟನ್ನಷ್ಟೇ ತಿರುಗಿಸಿದರೆ ಸಾಕೆಟ್ಟೂ ಅದರ ಜೊತೆಗೇ ತಿರುಗುತ್ತದೆ. ಗಿಟಾರು ಹಿಡಿದವರೆಲ್ಲ ಮಾಡುವ ತಪ್ಪೇ ಇದು. ಇವನು ಬಿಗಿ ಮಾಡಿದ ಪ್ರತಿ ಸಲವೂ ಒಳಗಿನ ಎರಡು ತಂತಿಗಳು ಒಂದಕ್ಕೊಂದು ಸುತ್ತಿಕೊಂಡು ಜಡೆ ಹೆಣೆದಂತಾಗಿದ್ದವು. ಒಂದು ತಂತಿ ಎರಡೇ ಎಳೆಯಲ್ಲಿ ಜೀವ ಹಿಡಿದಿತ್ತು.

ಅಷ್ಟರಲ್ಲಿ ಅವನು ತಲೆ ಒರೆಸಿಕೊಳ್ಳುತ್ತ ಬಂದ. ಬಾಗಿಲಲ್ಲೇ ನಿಂತುಬಿಟ್ಟ.

"ಬಿಟ್ಬಿಡು ಅಕ್ಕ."

"ಯಾಕೋ ಬಿಡ್ಬೇಕು? ಮಾಸ್ಟರ್ ಮನೆ ಬಾಗಿಲಿಗೆ ಬಂದು ಹೇಳಿ ಹೋದ್ರೂ ನಿಂಗೆ ಬುದ್ಧಿ ಬರಲ್ವಲ್ಲ!"

"ಹಳೇದು ಅದು. ಹೀಗೇ ಇರ್ಲಿ."

"ಹಳೇದಾದ್ರೆ ಕೊಳೀಬೇಕಾ? ನಾನೂ ಹಳಬಳೇ. ಟಾರ್ಚ್ ಹಿಡಿ ಬಾ."

ಅವನು ಟಾರ್ಚು ಹಿಡಿದ, ಬಲಗೈಯಲ್ಲಿ. ನಾನು ತಂತಿಯ ಕೆಟ್ಟ ತುದಿ ಕತ್ತರಿಸಿ, ಸಿಪ್ಪೆ ಸುಲಿದು, ಹೊಸದಾಗಿ ಬೆಸುಗೆ ಹಾಕಿದೆ. ಪಿನ್ನನ್ನು ಒತ್ತಿ ಹಿಡಿಯುವ ಒಳಗಿನ ಲೋಹದ ನಾಲಿಗೆ ಸೋತು ಹಿಂದಕ್ಕೆ ಹೋಗಿತ್ತು. ಅದನ್ನು ಚೂರು ಮುಂದಕ್ಕೆ ಬಾಗಿಸಿದೆ. ಹಲ್ಲಿರುವ ವಾಷರು ಹಾಕಿ, ಸಾಕೆಟ್ಟನ್ನು ಒಳಗಿನಿಂದ ಹಿಡಿದುಕೊಂಡು, ಹೊರಗೆ ಸ್ಪ್ಯಾನರಿನಿಂದ ಬಿಗಿದೆ. ಪಿನ್ನು ಚುಚ್ಚಿದರೆ ಟಕ್ ಎಂದು ಕೂತಿತು. ಅಲುಗಿಸಿದೆ, ಎಳೆದೆ, ತಿರುಚಿದೆ. ಸ್ಪೀಕರು ಕಮಕ್ ಕಿಮಕ್ ಅನ್ನಲಿಲ್ಲ. ಗುಮ್ಮ ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಒಂಟೆಗೆ ಇನ್ನೊಂದು ಮೂಟೆ ಹೇರಿದರೆ ನೋಡುತ್ತದಲ್ಲ, ಹಾಗೆ ನೋಡಿದ. ಹಾಳಾಗಿ ಹೋಗಲಿ ಎಂದುಕೊಂಡು ನಾನು ಮಲಗಲು ಹೋದೆ.

ಮುಂದಿನ ಕಾರ್ಯಕ್ರಮ ಒಂದು ಕಾರ್ಖಾನೆಯ ವಾರ್ಷಿಕ ಕೂಟ. ಮಧ್ಯಾಹ್ನದ ಹೊತ್ತು, ಪ್ಲಾಸ್ಟಿಕ್ ಕುರ್ಚಿಗಳ ದೊಡ್ಡ ಹಾಲು. ನಾನು ಅರ್ಧ ದಿನ ರಜೆ ಹಾಕಿ ಹೋದೆ. ನನ್ನ ಕೆಲಸ ಹೇಗೆ ನಡೆಯುತ್ತದೆಂದು ನೋಡಬೇಕಿತ್ತು. ಶುರುವಾಗುವ ಮೊದಲು ವೇದಿಕೆ ಹತ್ತಿ ಮಾಸ್ಟರ ಎದುರಿಗೇ ಪಿನ್ನು ಹಿಡಿದು ಅಲ್ಲಾಡಿಸಿ ತೋರಿಸಿದೆ.

"ನೋಡಿ ಮಾಸ್ಟರ್, ಇನ್ನು ಈ ಸಾಕೆಟ್ಟಿಂದ ಒಂದು ಚೂರೂ ತೊಂದ್ರೆ ಬರಲ್ಲ. ನಂದು ಗ್ಯಾರಂಟಿ."

"ಅಬ್ಬ, ಅಂತೂ ಆಯ್ತಲ್ಲ! ನಾನು ಗೆದ್ದೆ" ಎಂದು ಮಾಸ್ಟರ್ ನಕ್ಕರು. ಗುಮ್ಮ ತನ್ನ ಬೂಟು ನೋಡುತ್ತ ನಿಂತಿದ್ದ.

ಮೊದಲ ಹಾಡು ಚೆನ್ನಾಗಿಯೇ ಹೋಯಿತು. ಎರಡನೆಯದು ವೇಗದ ಹಾಡು. ಅದರ ನಡುವೆ ಒಂದು ಕಡೆ ಗುಂ ಎನ್ನಬೇಕಾದಲ್ಲಿ ಏನೂ ಇರಲಿಲ್ಲ. ಗುಮ್ಮ ಬಗ್ಗಿ ಪಿನ್ನು ಮುಟ್ಟಿದ. ನನ್ನ ಬೆಸುಗೆ ಬಿಟ್ಟಿತೇ? ಆದರೆ ಕರಕರ ಸದ್ದು ಬಂದಿರಲಿಲ್ಲ. ಸ್ಪೀಕರು ಸಣ್ಣಗೆ ಹೂಂಗುಟ್ಟುತ್ತಲೇ ಇತ್ತು, ಅಂದರೆ ಬೆಸುಗೆ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಹಾಗೇ ಆಯಿತು. ಈ ಸಲ ನಾನು ಸಾಕೆಟ್ಟನ್ನು ನೋಡಲಿಲ್ಲ, ಅವನ ಎಡಗೈ ನೋಡಿದೆ. ಉಂಗುರದ ಬೆರಳು, ಕಿರುಬೆರಳು ಎರಡೂ ತಂತಿಯ ಮೇಲೆ ಕೂತಿದ್ದವು, ಆದರೆ ಒತ್ತುತ್ತಿರಲಿಲ್ಲ. ಸತ್ತ ಹಾಗೆ ಬಿದ್ದುಕೊಂಡಿದ್ದವು. ತಲೆ ತಿರುಗಿಸಿದರೆ ಮಾಸ್ಟರೂ ಅವನ ಕಡೆಗೇ ನೋಡುತ್ತಿದ್ದರು, ಹುಬ್ಬು ಗಂಟಿಕ್ಕಿಕೊಂಡು, ಇನ್ನೂ ಅರ್ಥವಾಗದವರ ಹಾಗೆ.

ಚಹಾದ ವಿರಾಮದಲ್ಲಿ ಅವನು ಗಿಟಾರು ಹೊತ್ತುಕೊಂಡು ಹಾಲಿನ ಹಿಂದಿನ ಓಣಿಗೆ ಬಂದ. ಪೇರಿಸಿಟ್ಟ ಕುರ್ಚಿಗಳ ಪಕ್ಕದಲ್ಲಿ ನಾನು ಮೊದಲೇ ನಿಂತಿದ್ದೆ.

"ಎಷ್ಟು ದಿನದಿಂದನೋ?"

"ವರ್ಷ ಆಗಿರಬಹುದು. ಎರಡು ಬೆರಳಿಗೆ ಸ್ಪರ್ಶವೇ ಇಲ್ಲ. ಡಾಕ್ಟರ ಹತ್ರ ಹೋಗಿದ್ದೆ. ನರ ಸೋತಿದೆ, ವಾಪಸ್ ಬರಲ್ಲ ಅಂದ್ರು."

"ನಂಗೆ ಹೇಳೋಕೇನಾಗಿತ್ತು ನಿಂಗೆ?"

ಅವನು ಗಿಟಾರನ್ನು ನನ್ನ ಕಡೆ ಚಾಚಿದ.

"ಇನ್ನೂ ಅರ್ಧ ಬಾಕಿ ಇದೆ ಅಕ್ಕ. ಇದನ್ನ ಮೊದಲಿನ ಹಾಗೇ ಮಾಡ್ಕೊಡು."

"ಸೌಂಡ್ ಹೋದ್ರೆ ಇವತ್ತಿಗೇ ನಿನ್ನ ತೆಗೀತಾರೆ ಕಣೋ."

"ಹೇಗಿದ್ರೂ ಹೋಗ್ಲೇಬೇಕು. ಗಿಟಾರು ಕೆಟ್ಟಿತ್ತು, ಅದಕ್ಕೇ ಹೋದ ಅಂತಾಗ್ಲಿ. ಕೈಲಾಗದೆ ಹೋದ ಅಂತ ಬೇಡ." ಸಾಕೆಟ್ಟಿನ ಕಡೆ ಕಣ್ಣು ಹಾಯಿಸಿ ಅಂದ: "ನಾನೇ ಸಡಿಲ ಮಾಡೋಕೆ ನೋಡ್ದೆ, ಆಗಲಿಲ್ಲ. ಒಳಗೊಂದು ಕೈ, ಹೊರಗೊಂದು ಕೈ ಬೇಕು. ನನ್ನ ಹತ್ರ ಇರೋದು ಒಂದೂವರೇನೇ."

ನನಗೆ ಅಳು ಬಂತು. ಅವನ ಕೆನ್ನೆಗೆ ಎರಡು ಬಾರಿಸಬೇಕೆಂದೂ ಅನ್ನಿಸಿತು. ಎರಡನ್ನೂ ಮಾಡುವ ತ್ರಾಣ ಇರಲಿಲ್ಲ. ಒಂದು ಕುರ್ಚಿ ಎಳೆದು ಕೂತು, ಚೀಲದಿಂದ ಸ್ಪ್ಯಾನರು ತೆಗೆದು, ತಟ್ಟೆ ಬಿಚ್ಚಿದೆ. ನಾಲಿಗೆಯನ್ನು ಹಿಂದಕ್ಕೆ ಬಾಗಿಸಿದೆ. ನಟ್ಟು ಬಿಡಿಸಿದೆ. ಬಿಗಿ ಮಾಡುವುದಕ್ಕಿಂತ ಅದಕ್ಕೇ ಹೆಚ್ಚು ಹೊತ್ತು ಹಿಡಿಯಿತು.

ವಿರಾಮದ ನಂತರದ ಮೊದಲ ಹಾಡಿನಲ್ಲೇ ಕರಕರ ಶುರುವಾಯಿತು. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು. ಗುಮ್ಮ ಬಗ್ಗಿ ಪಿನ್ನು ತಿರುಚಿದ, ಬಗ್ಗಿದ, ಮತ್ತೆ ಬಗ್ಗಿದ. ಮಾಸ್ಟರ ಗಂಟಿಕ್ಕಿದ ಹುಬ್ಬು ಸಡಿಲವಾಯಿತು. ಕೀಬೋರ್ಡಿನ ಹುಡುಗಿಗೆ ತಲೆಯಾಡಿಸಿ ಸನ್ನೆ ಮಾಡಿದರು. ಅವಳ ಎಡಗೈ ಕೆಳಗಿಳಿಯಿತು. ಗುಮ್ಮ ಕೇಬಲ್ಲು ಕಿತ್ತು, ನೀಟಾಗಿ ಸುತ್ತಿ, ವೇದಿಕೆಯಿಂದ ಇಳಿದ.

ಎಲ್ಲ ಮುಗಿದ ಮೇಲೆ ಮಾಸ್ಟರ್ ನನ್ನ ಹತ್ತಿರ ಬಂದರು. ಅವರ ಮುಖವೂ ಬಾಡಿತ್ತು.

"ಏನಮ್ಮ ಇದು? ಗ್ಯಾರಂಟಿ ಅಂದಿದ್ರಲ್ಲ. ಎಂಥಾ ಕೈ ಅವನದು, ನಿಮ್ಮ ರಿಪೇರಿ ನಂಬಿ ಹಾಳಾಯ್ತಲ್ಲ!"

ಗುಮ್ಮ ಬಾಗಿಲ ಬಳಿ ಗಿಟಾರು ಹೆಗಲಿಗೇರಿಸಿಕೊಂಡು ಕೇಳಿಸಿಕೊಳ್ಳುತ್ತ ನಿಂತಿದ್ದ.

"ಹೌದು ಮಾಸ್ಟರ್," ಎಂದೆ, "ನನಗೆ ಬೆಸುಗೆ ಸರಿಯಾಗಿ ಹಾಕೋಕೆ ಬರಲಿಲ್ಲ."